‘ಯಾವೂರು?’ ಎಂದು ಕೇಳಲು ಕಲಿಸಿದ ಮೇಡಂ

ಕಳೆದ ವಾರ ಹುಕ್ಕೇರಿಯ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ಒಂದು ಬೋರ್ಡಿಗೆ ತಂತಿ ಬೆಸೆಯುತ್ತಿದ್ದೆ. ಕಾದ ಕಡ್ಡಿ ರಾಳಕ್ಕೆ ತಾಗಿ ತೆಳ್ಳಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಗೋಕಾಕದ ಡಿಪ್ಲೊಮಾ ಕಾಲೇಜಿನ ಲ್ಯಾಬು, ಕಿಟಕಿ ಪಕ್ಕದ ಉದ್ದ ಮೇಜು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ ನಮ್ಮ ಮೇಡಂ... ಎದುರಿಗೆ ಕೂತಿದ್ದ ಹುಡುಗಿಯರು ಏನಾಯಿತೆಂದು ಕೇಳಿದರು. ಹೊಗೆ ಕಣ್ಣಿಗೆ ಹೋಯಿತು ಎಂದೆ.

ಮೇಡಂ ನಮಗೆ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದರು. ಬೆಲ್ಲದ ಬಾಗೇವಾಡಿಯ ಜೈನ ಮನೆತನದವರು. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವಂತೆ. ನಮ್ಮ ಜೊತೆ ಅವರ ಮಾತೆಲ್ಲ ಕನ್ನಡದಲ್ಲಿ, ಕಂಪ್ಯೂಟರಿನ ಜೊತೆ ಮಾತ್ರ ಮರಾಠಿಯಲ್ಲಿ. ಪ್ರೋಗ್ರಾಮು ಬರೆದು ಮುಗಿಸಿ ಕೀಲಿ ಒತ್ತುವ ಮುಂಚೆ ‘ಬಘೂಯಾ’ ಎಂದು ತಮ್ಮಷ್ಟಕ್ಕೆ ತಾವೇ ಅನ್ನುತ್ತಿದ್ದರು. ನೋಡೋಣ ಅಂತ ಅದರ ಅರ್ಥ. ನಾವು ಹಿಂದಿನ ಬೆಂಚಿನವರು ಅದನ್ನೇ ಅವರಿಗೆ ಅಡ್ಡಹೆಸರು ಮಾಡಿಕೊಂಡಿದ್ದೆವು. ಅದು ಅವರ ಕಿವಿಗೆ ಬಿದ್ದ ದಿನ ಬೈಯಲಿಲ್ಲ. ಹೆಸರೇನೋ ಚೆನ್ನಾಗಿದೆ, ನಿಮ್ಮ ಪ್ರೋಗ್ರಾಮುಗಳು ಮಾತ್ರ ನೋಡುವ ಹಾಗಿಲ್ಲ ಎಂದು ನಕ್ಕು ಮುಂದಿನ ಮೇಜಿಗೆ ಹೋದರು.

ಅವರಿಗೆ ಸಿಟ್ಟು ಬರುತ್ತಿದ್ದುದು ಬೇರೆ ವಿಷಯಕ್ಕೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳು ಒಂದೇ ಕಾಲದವಾಗಿರಲಿಲ್ಲ. ಕೆಲವುಗಳಲ್ಲಿ ನೀಲಿ ಪರದೆಯ ಓಬಿರಾಯನ ಕಾಲದ ಕಂಪೈಲರ್, ಕೆಲವುಗಳಲ್ಲಿ ಹೊಸದು. ಕಂಪೈಲರ್ ಅಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ತಂತ್ರಾಂಶ. ಒಂದರಲ್ಲಿ ನಡೆದ ಪ್ರೋಗ್ರಾಮು ಇನ್ನೊಂದರಲ್ಲಿ ಮುಗ್ಗರಿಸುತ್ತಿತ್ತು. ನಾವು ಮಷೀನು ಸರಿ ಇಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆವು. ಹಾಗೆ ಹೇಳಿದವರ ಗ್ರಹಚಾರ ಬಿಡಿಸುತ್ತಿದ್ದರು ಮೇಡಂ. ಪ್ರತಿಯೊಂದು ಕಂಪೈಲರೂ ನಾವು ಹೇಳದೆಯೇ ಕೆಲವು ಹೆಸರುಗಳನ್ನು ತನ್ನ ಜೊತೆಗೆ ತಂದಿರುತ್ತದೆ. ತಾನು ಯಾವ ಕಾಲದ ನಿಯಮ ಒಪ್ಪುತ್ತೇನೆ, ಯಾವ ಯಂತ್ರಕ್ಕಾಗಿ ಕೆಲಸ ಮಾಡುತ್ತಿದ್ದೇನೆ, ಈ ಪ್ರೋಗ್ರಾಮು ಕಂಪೈಲ್ ಆದ ತಾರೀಖು ಯಾವುದು... ಇವನ್ನು ಪೂರ್ವನಿಗದಿತ ಮ್ಯಾಕ್ರೊಗಳು ಎನ್ನುತ್ತಾರೆ. ಎಲ್ಲ ಹೆಸರುಗಳೂ ಎಲ್ಲ ಕಂಪೈಲರುಗಳಲ್ಲಿ ಇರುವುದಿಲ್ಲ. ಹಾಗಾಗಿ ಬಳಸುವ ಮುಂಚೆ ಇದೆಯೋ ಇಲ್ಲವೋ ಎಂದು ಕೇಳಿಕೊಳ್ಳಬೇಕು.

ಪುಸ್ತಕದಲ್ಲಿ ಇದು ಅರ್ಧ ಪುಟದ ವಿಷಯ. ಪರೀಕ್ಷೆಗೆ ಬರುತ್ತಿರಲಿಲ್ಲ, ಆದ್ದರಿಂದ ಬೇರೆ ಯಾರೂ ಕಲಿಸುತ್ತಲೂ ಇರಲಿಲ್ಲ. ಮೇಡಂ ಮಾತ್ರ ಹಠ ಹಿಡಿದು ಕಲಿಸಿದರು.

“ಮನಿಗೆ ಯಾರರ ಬಂದ್ರ ಮೊದಲ ನೀರು ಕೊಟ್ಟು ಯಾವೂರ್ರಿ ಅಂತ ಕೇಳ್ತೀರಿಲ್ಲೋ? ಕಂಪೈಲರನ್ನೂ ಹಂಗ ಕೇಳ್ರಿ. ಕೇಳದ ಒಳಗ ಕರಕೊಂಡು ಆಮ್ಯಾಲ ಅಳಬ್ಯಾಡ್ರಿ.”

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಅದಕ್ಕೆ ‘ಯಾವೂರು ಕೇಳುವುದು’ ಎಂದೇ ಹೆಸರಾಯಿತು. ಯಾರ ಪ್ರೋಗ್ರಾಮು ನೋಡಿದರೂ ಮೊದಲು ಯಾವೂರು ಕೇಳಿದೆಯಾ ಎನ್ನುತ್ತಿದ್ದರು. ಕೇಳುವುದರಲ್ಲೂ ಒಂದು ರೀತಿ ಇತ್ತು. ಈ ಹೆಸರಿನ ಬೆಲೆ ಎಷ್ಟು ಎಂದು ನೇರವಾಗಿ ಕೇಳಿದರೆ, ಹೆಸರೇ ಗೊತ್ತಿಲ್ಲದ ಕಂಪೈಲರು ಗೊತ್ತಿಲ್ಲ ಎನ್ನುವುದಿಲ್ಲ. ಅದನ್ನು ಸೊನ್ನೆ ಎಂದು ಹಿಡಿದುಕೊಂಡು ತೆಪ್ಪಗೆ ಮುಂದೆ ಹೋಗಿಬಿಡುತ್ತದೆ. ತಪ್ಪೆಂದು ತೋರಿಸುವುದೂ ಇಲ್ಲ. ಆದ್ದರಿಂದ ಮೊದಲು ಹೆಸರು ಇದೆಯೇ ಎಂದು ಕೇಳಬೇಕು, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕು.

ತಾರೀಖಿನ ವಿಷಯದಲ್ಲಂತೂ ನಾನೇ ಪೆದ್ದಿಯಾದೆ. ಆ ಹೆಸರನ್ನು ಪ್ರೋಗ್ರಾಮಿನಲ್ಲಿ ಹಾಕಿದೆ, ಪರದೆಯ ಮೇಲೆ ಆ ದಿನದ ತಾರೀಖು ಬಂತು. ಗಡಿಯಾರವನ್ನೇ ಕಟ್ಟಿದವಳ ಹಾಗೆ ಬೀಗಿದೆ. ಮರುದಿನ ಅದೇ ಪ್ರೋಗ್ರಾಮು ನಡೆಸಿದರೆ ಮತ್ತೆ ನಿನ್ನೆಯ ತಾರೀಖು. ಮೇಡಂ ಬಂದು ನೋಡಿ, ಅದು ಇವತ್ತಿನ ದಿನವಲ್ಲ, ಕಂಪೈಲ್ ಮಾಡಿದ ದಿನ, ಮತ್ತೆ ಕಂಪೈಲ್ ಮಾಡುವವರೆಗೂ ಬದಲಾಗುವುದಿಲ್ಲ ಎಂದರು. ಮನುಷ್ಯರಿಗೆ ಹುಟ್ಟಿದ ದಿನ ಇದ್ದ ಹಾಗೆ ಎಂದೂ ಅಂದರು.

ನಮ್ಮ ಮನೆ ಇರುವುದು ಮೂಡಲಗಿ ಕಡೆ, ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ. ಅಪ್ಪನ ತಮ್ಮ ಕಾಕಾನ ಎಮ್ಮೆಗಳ ಕೊಟ್ಟಿಗೆ ಹೊಳೆಗೆ ತೀರ ಹತ್ತಿರ. ಮಳೆಗಾಲದಲ್ಲಿ ಕಾಕಾ ದಿನಾ ಸಂಜೆ ಹೊಳೆಗೆ ಹೋಗಿ, ದಂಡೆಯ ಮೆಟ್ಟಿಲುಗಳಲ್ಲಿ ನೀರು ಯಾವ ಪಾವಟಿಗೆಗೆ ಬಂದಿದೆ ಎಂದು ನೋಡಿ ಬರುತ್ತಿದ್ದ. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ನಡುರಾತ್ರಿಯೂ ಎದ್ದು ಮತ್ತೊಮ್ಮೆ. ಇದನ್ನು ನಾನು ಲ್ಯಾಬಿನಲ್ಲಿ ಹರಟೆಗೆಂದು ಹೇಳಿದ್ದು. ಮೇಡಂ ತಲೆಯಲ್ಲಿ ಅದು ಕೂತುಬಿಟ್ಟಿತು. ನೀರು ಏರಿದರೆ ತಾನೇ ಕೂಗುವ ಯಂತ್ರ ಮಾಡೋಣ, ನಿಮ್ಮ ಪ್ರಾಜೆಕ್ಟೂ ಆಗುತ್ತದೆ, ಕಾಕಾನಿಗೆ ಉಪಕಾರವೂ ಆಗುತ್ತದೆ ಎಂದರು.

ಪುಟ್ಟ ಪರದೆಯಿರುವ ಸಣ್ಣ ಬೋರ್ಡು, ಪೈಪಿನೊಳಗೆ ತೇಲುವ ಒಂದು ಗುಂಡು, ಕೂಗಲು ಕೊಟ್ಟಿಗೆಯ ಮೇಲೊಂದು ಭೋಂಗಾ. ಸಕ್ಕರೆ ಕಾರ್ಖಾನೆಯ ಭೋಂಗಾ ಗೊತ್ತಿದ್ದವರಿಗೆ ನಮ್ಮದು ಅದರ ಮರಿಯಂತೆ ಕಾಣುತ್ತಿತ್ತು, ಕೂಗಿದರೆ ಮಾತ್ರ ಓಣಿಯೆಲ್ಲ ಏಳುತ್ತಿತ್ತು. ಪ್ರೋಗ್ರಾಮು ಮೇಡಂ ಬರೆದದ್ದು. ಗೋಕಾಕದ ಲ್ಯಾಬಿನಲ್ಲಿ ಹೊಳೆ ಎಲ್ಲಿಂದ ಬರಬೇಕು? ಅದಕ್ಕೆ ಒಂದು ಉಪಾಯ ಮಾಡಿದ್ದರು. ಬೋರ್ಡಿನ ಕಂಪೈಲರಿಗೆ ಆ ಬೋರ್ಡಿನದೇ ಒಂದು ಹೆಸರು ಗೊತ್ತಿರುತ್ತದೆ. ಆ ಹೆಸರಿದ್ದರೆ ನಿಜವಾದ ಗುಂಡನ್ನು ನೋಡು, ಇಲ್ಲದಿದ್ದರೆ ನಾವು ಲ್ಯಾಬಿನಲ್ಲಿದ್ದೇವೆ, ಆದ್ದರಿಂದ ನಾನು ಬರೆದಿಟ್ಟ ಸುಳ್ಳು ನೀರಿನ ಮಟ್ಟವನ್ನು ತೋರಿಸು. ಹಾಗೆ ಬರೆದಿದ್ದರು. ನಮಗೆಲ್ಲ ಅದು ಬಹಳ ಜಾಣತನದ್ದಾಗಿ ಕಂಡಿತು.

ಊರಲ್ಲಿ ಕೂರಿಸಿದ ದಿನ ಮೇಡಂ ಅಂಗಳದ ನೀರಿನ ಬ್ಯಾರಲ್ಲಿನಲ್ಲಿ ಗುಂಡನ್ನು ತಳಕ್ಕೆ ಒತ್ತಿ ಹಿಡಿದು ಕೈ ಬಿಟ್ಟರು. ಗುಂಡು ಮೇಲೆ ಬಂತು, ಭೋಂಗಾ ಒದರಿತು, ಕೋಳಿಗಳೆಲ್ಲ ದಿಕ್ಕಾಪಾಲಾದವು. ಕಾಕಾ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. ಆಮೇಲೆ ನಿಧಾನವಾಗಿ ಅವನ ಸಂಜೆಯ ಓಡಾಟ ಕಡಿಮೆಯಾಯಿತು. ಮೊಣಕಾಲು ನೋವಿನ ಮನುಷ್ಯ, ಯಂತ್ರ ಇದೆಯಲ್ಲ ಎಂದು ಮನೆಯಲ್ಲೇ ಕೂರತೊಡಗಿದ. ನಮಗೆಲ್ಲ ಅದೇ ಹೆಮ್ಮೆ.

ಎರಡನೆಯ ಮಳೆಗಾಲದ ಶುರುವಿಗೆ ಸಿಡಿಲಿಗೆ ಬೋರ್ಡು ಸುಟ್ಟಿತು. ಮೇಡಂ ತಮ್ಮ ಅಣ್ಣನಿಗೆ ಹೇಳಿ ಬೆಳಗಾವಿಯಿಂದ ಹೊಸದು ತರಿಸಿದರು. ಅಣ್ಣನನ್ನು ಅವರು ಮರಾಠಿಯಲ್ಲಿ ದಾದಾ ಎನ್ನುತ್ತಿದ್ದರು. ತಂದೆ ಇಲ್ಲದ ಮನೆಯಲ್ಲಿ ಓದಿಸಿ ನೌಕರಿಗೆ ಹಚ್ಚಿದವರು ಆ ದಾದಾ. ಅವರ ಮಾತಿಗೆ ಮೇಡಂ ಎದುರಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೋರ್ಡು ತಂದವರೂ ಅವರೇ, ತಂಗಿಯನ್ನು ಮೋಟಾರ್ ಸೈಕಲ್ ಮೇಲೆ ನಮ್ಮೂರಿಗೆ ಕರೆತಂದವರೂ ಅವರೇ.

ಅಂದು ನಾನು ಗೋಕಾಕದಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ನಡೆದದ್ದನ್ನೆಲ್ಲ ಆಮೇಲೆ ಕಾಕಾನ ಹೆಂಡತಿ ಕಾಕು ಎಷ್ಟು ಸಲ ಹೇಳಿದಳೋ... ಹೊಸ ಬೋರ್ಡಿನ ಬಣ್ಣ ಹಳೆಯದರದೇ, ಅಳತೆಯೂ ಅದೇ. ಅದೇ ಅಂಗಡಿಯದು, ಅದೇ ಬೋರ್ಡು ಎಂದು ದಾದಾ ಹೇಳಿದರು. ಮೇಡಂ ಲ್ಯಾಪ್‌ಟಾಪ್ ತೆಗೆದು, ಬೋರ್ಡಿನ ಜೊತೆ ಬಂದ ಹೊಸ ಕಂಪೈಲರಿನಲ್ಲಿ ತಮ್ಮ ಪ್ರೋಗ್ರಾಮು ನಡೆಸಿದರು. ಒಂದು ತಪ್ಪೂ ತೋರಿಸಲಿಲ್ಲ. ಹಸಿರು ದೀಪ ಹತ್ತಿತು. ಬ್ಯಾರಲ್ಲಿನ ಕಡೆ ಅವರು ಒಂದು ಸಲ ನೋಡಿದರಂತೆ. ಆದರೆ ಹೊತ್ತು ಇಳಿಯುತ್ತಿತ್ತು. ಚಾತುರ್ಮಾಸ ನಡೆದಿತ್ತು, ಹೊತ್ತು ಮುಳುಗಿದ ಮೇಲೆ ಮೇಡಂ ನೀರೂ ಮುಟ್ಟುತ್ತಿರಲಿಲ್ಲ. ಬಾಗೇವಾಡಿ ತಲುಪುವುದರೊಳಗೆ ಕತ್ತಲಾಗುತ್ತಿತ್ತು. ಕಾಕು ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಬೇರೆಯೇ ಅಡುಗೆ ಮಾಡಿ, ತಾಟು ಹಚ್ಚಿ, ಎದ್ದು ಬರುವವರೆಗೂ ಬಿಡಲಿಲ್ಲ. ದಾದಾ ಆಗಲೇ ಕೈ ತೊಳೆದಿದ್ದರು. ಅಣ್ಣ ತಾಟಿನ ಮುಂದೆ ಕೂತಿರುವಾಗ, ಅವರೇ ತಂದ ಸಾಮಾನನ್ನು ಪರೀಕ್ಷೆ ಮಾಡುತ್ತ ನಿಲ್ಲುವುದು ಮೇಡಂಗೆ ಸರಿ ಕಾಣಲಿಲ್ಲ. ನಮ್ಮ ಕಡೆ ಪರಿಚಯದವರ ಜೊತೆ ಬಂದವರಿಗೆ ಯಾವೂರು ಎಂದು ಕೇಳುವುದಿಲ್ಲ. ಕೇಳಿದರೆ ಕರೆತಂದವರಿಗೆ ಅವಮಾನ. ಮೇಡಂ ಉಂಡು ಹೊರಟರು.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಅಂಕಲಗಿಯಲ್ಲಿ ನಮ್ಮ ಬಳಗದ ಬಸುರಿ ಹೆಣ್ಣುಮಗಳೊಬ್ಬಳಿಗೆ ಕುಬುಸ ಮಾಡುವುದಿತ್ತು. ಬೆಳಿಗ್ಗೆ ಎದ್ದು ಎಲ್ಲರೂ ಹೋದರು. ಮೊದಲಾಗಿದ್ದರೆ ಮಳೆಗಾಲದಲ್ಲಿ ಕಾಕಾ ಮನೆ ಬಿಡುತ್ತಿರಲಿಲ್ಲ. ಅಂದು ಎಮ್ಮೆಗಳನ್ನು ಕಟ್ಟಿ, ಮೇವು ಹಾಕಿ, ಭೋಂಗಾ ಕೂಗಿದರೆ ಬಿಚ್ಚಿಬಿಡಿ ಎಂದು ಬಾಜೂ ಮನೆಯವರಿಗೆ ಹೇಳಿ ಹೋದ. ಮಧ್ಯಾಹ್ನ ಹೊಳೆ ಏರಿತು. ಬಾಜೂ ಮನೆಯವರು ಭೋಂಗಾ ಕೂಗುತ್ತದೆಂದು ಕಾದರು. ಅದು ಕೂಗಲಿಲ್ಲ. ಅನುಮಾನ ಬಂದು ಅವರು ಎದ್ದು ನೋಡುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಎದೆಮಟ್ಟದ ಕೆಂಪು ನೀರು ಸೆಳೆಯುತ್ತಿತ್ತು, ಯಾರೂ ಇಳಿಯುವ ಹಾಗಿರಲಿಲ್ಲ. ಎಮ್ಮೆಗಳು ಈಜುವ ಪ್ರಾಣಿಗಳು. ಕಟ್ಟಿ ಹಾಕಿರದಿದ್ದರೆ ತಾವೇ ದಂಡೆಗೆ ಬರುತ್ತಿದ್ದವು. ಹಗ್ಗ ಗಟ್ಟಿಯಾಗಿತ್ತು, ಅದನ್ನು ಹೊಸೆದವನು ಕಾಕಾನೇ.



ನೀರು ಇಳಿದ ಮೇಲೆ ಮೇಡಂ ಬಂದರು, ಒಬ್ಬರೇ, ಬಸ್ಸಿನಲ್ಲಿ. ನಾನು ಮನೆಯಲ್ಲಿದ್ದೆ. ಕೊಟ್ಟಿಗೆಯ ಕಡೆ ನೋಡಿ, ಬೋರ್ಡಿನ ಹತ್ತಿರ ಹೋದರು. ಎತ್ತರದಲ್ಲಿ ಕೂರಿಸಿದ್ದರಿಂದ ಬೋರ್ಡಿಗೆ ಏನೂ ಆಗಿರಲಿಲ್ಲ. ಅದರ ಹಸಿರು ದೀಪ ಇನ್ನೂ ಉರಿಯುತ್ತಿತ್ತು, ಪರದೆ ನೀರು ಕೆಳಗಿದೆ ಎಂದೇ ತೋರಿಸುತ್ತಿತ್ತು. ಮೇಡಂ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಹಳೆಯ ಬೋರ್ಡಿನ ಹೆಸರು ಹೊಸ ಕಂಪೈಲರಿಗೆ ಗೊತ್ತಿರಲಿಲ್ಲ. ಅದು ಸೊನ್ನೆ ಎಂದು ಹಿಡಿದುಕೊಂಡು ಮುಂದೆ ಹೋಗಿತ್ತು. ಹೊಳೆಯ ದಂಡೆಯ ಮೇಲೆ ಕೂತು ಬೋರ್ಡು ಲ್ಯಾಬಿನ ಸುಳ್ಳು ನೀರನ್ನು ನೋಡುತ್ತಿತ್ತು. ನಮಗೆ ಬೈದು ಬೈದು ಕಲಿಸಿದ ಪಾಠ, ಅವರದೇ ಪ್ರೋಗ್ರಾಮಿನಲ್ಲಿ...

“ನಾ ಕೇಳಲಿಲ್ಲವ್ವಾ,” ಎಂದರು ನನ್ನ ಕಡೆ ತಿರುಗಿ. “ದಾದಾ ತಂದಾನಂತ ಕೇಳಲಿಲ್ಲ.”

ಆಮೇಲೆ ಎದ್ದು ಹೋಗಿ ಕಾಕಾನ ಮುಂದೆ ನಿಂತು, ತಪ್ಪು ನನ್ನದು, ಯಂತ್ರದ್ದಲ್ಲ, ಅಣ್ಣನದೂ ಅಲ್ಲ ಎಂದು ಬಿಡಿಸಿ ಹೇಳಿದರು. ಕಾಕಾ ಕಂಬಕ್ಕೆ ಒರಗಿ ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ, ಯಾವ ಸಿಟ್ಟೂ ಇಲ್ಲದೆ ಹೇಳಿದ:

“ನೀವು ಬರೂಕಿಂತ ಮೊದಲ ದಿನಾ ಸಂಜಿಕ ನಾನ ಹೋಗಿ ಹೊಳಿ ನೋಡಿ ಬರ್ತಿದ್ನಿರಿ ಅಕ್ಕಾರ.”

ಅಷ್ಟೇ. ಮೇಡಂ ತಲೆ ತಗ್ಗಿಸಿ ಮತ್ತೆ ಕಟ್ಟೆಗೆ ಬಂದು ಕೂತರು. ಪ್ರೋಗ್ರಾಮು ತಿದ್ದತೊಡಗಿದರು. ಕಾಕು ಅಂದೂ ಅಡುಗೆ ಮಾಡಿದ್ದಳು. ಹೊತ್ತು ಇಳಿಯುತ್ತ ಬಂದ ಹಾಗೆ ಅವಳು ತಾಟು ಹಿಡಿದು ಬಾಗಿಲಿಗೆ ಬಂದು ಬಂದು ಹೋದಳು, ಕರೆಯಲು ಅವಳಿಗೆ ಧೈರ್ಯ ಬರಲಿಲ್ಲ. ನಾನು ಕರೆದೆ. ಮೇಡಂ ಕೈ ಅಡ್ಡ ಮಾಡಿದರು. ಬ್ಯಾರಲ್ಲಿನಲ್ಲಿ ಗುಂಡು ಒತ್ತಿ ಹಿಡಿದು ಬಿಟ್ಟರು. ಖಾಲಿ ಕೊಟ್ಟಿಗೆಯ ಮೇಲೆ ಭೋಂಗಾ ಒದರಿತು. ಮತ್ತೆ ಒತ್ತಿದರು, ಮತ್ತೆ ಒದರಿತು. ಕಾಕಾ ಎದ್ದು ಒಳಗೆ ಹೋಗಿಬಿಟ್ಟ. ಸಾಕು ಬಿಡಿ ಮೇಡಂ ಎಂದು ನಾನು ಅವರ ಕೈ ಹಿಡಿದಾಗ ಹೊಳೆಯಾಚೆ ಹೊತ್ತು ಮುಳುಗಿತ್ತು. ಕಾಕು ತಂಬಿಗೆಯಲ್ಲಿ ನೀರು ತಂದಳು, ಅದೂ ತಡವಾಗಿತ್ತು. ಮೇಡಂ ಅವಳಿಗೆ ಕೈ ಮುಗಿದು ಬಸ್ಸಿನ ದಾರಿ ಹಿಡಿದರು.

ಆ ವರ್ಷ ಮುಗಿಯುವವರೆಗೆ ಅವರು ಕಾಲೇಜಿಗೆ ಬಂದರು. ಆದರೆ ಬಘೂಯಾ ಅನ್ನುವುದು ನಿಂತುಹೋಯಿತು. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಮಿಗೂ ಕೀಲಿ ಒತ್ತುವ ಮುಂಚೆ ತಡೆದು, ಮೇಲಿನಿಂದ ಕೆಳಗೆ ಓದಿ, ಮತ್ತೆ ಓದಿ, ಕೊನೆಗೆ ನೀನೇ ಒತ್ತವಾ ಎಂದು ನಮ್ಮಲ್ಲೊಬ್ಬರಿಗೆ ಹೇಳುತ್ತಿದ್ದರು. ಹಿಂದಿನ ಬೆಂಚಿನವರ ಚೇಷ್ಟೆಯೂ ಅಡಗಿತು. ಮುಂದಿನ ವರ್ಷ ಅವರು ಕೆಲಸ ಬಿಟ್ಟರು ಎಂದು ತಿಳಿಯಿತು. ನಮ್ಮೂರಲ್ಲಿ ಕೆಲವರು ಏನೇನೋ ಆಡಿಕೊಂಡರು. ಅವರ ಬಾಯಿಗೆ ಬೀಗ ಹಾಕುವವರು ಯಾರು? ಕಾಕಾ ಮಾತ್ರ ಒಂದು ದಿನವೂ ಅವರ ಬಗ್ಗೆ ಕೆಟ್ಟದ್ದು ಆಡಲಿಲ್ಲ. ಒಳ್ಳೆಯದನ್ನೂ ಆಡಲಿಲ್ಲ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಸಂಜೆ ಹೊಳೆಗೆ ಹೋಗತೊಡಗಿದ.

ನಾನು ಹುಕ್ಕೇರಿಯಲ್ಲಿ ಕ್ಲಾಸು ತೆರೆದ ಹೊಸದರಲ್ಲಿ ಒಮ್ಮೆ ಬಾಗೇವಾಡಿಗೆ ಹೋಗಿ ಅವರನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಪ್ಪಳ ಒಣಹಾಕುತ್ತಿದ್ದರು. ನನ್ನ ಕ್ಲಾಸಿನ ಬಗ್ಗೆ, ಹುಡುಗರ ಬಗ್ಗೆ ಎಲ್ಲ ಕೇಳಿದರು. ಹೊರಡುವಾಗ ಬಾಗಿಲವರೆಗೆ ಬಂದು, ಬಹಳ ಹೊತ್ತಿನಿಂದ ತಡೆದಿದ್ದನ್ನು ಕೇಳಿದರು.

“ಕಾಕಾ ಹೊಳಿ ನೋಡಾಕ ಹೊಕ್ಕಾರೇನವಾ?”

ಹೋಗುತ್ತಾನೆ ಎಂದೆ.

“ಹೋಗ್ಲಿ. ಬಿಡಬ್ಯಾಡ್ರಿ ಅಂತ ಹೇಳು.”

ಕಾಕಾನಿಗೆ ಆ ಮಾತು ಮುಟ್ಟಿಸಿದೆ. ಅವನು ಹೂಂ ಎಂದ. ಆ ಹೂಂ ಕ್ಷಮೆಯೋ ಅಲ್ಲವೋ ನನಗೆ ಇಂದಿಗೂ ತಿಳಿದಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ದಾದಾ ಫೋನು ಮಾಡಿ ಮೇಡಂ ತೀರಿಕೊಂಡರು ಎಂದರು. ನಾನು ಬಾಗೇವಾಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾದಾ ನನ್ನೆದುರು ಕೂತು, ಆ ಬೋರ್ಡು ನಾನೇ ತಂದದ್ದು ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡರು.

ಈ ವರ್ಷ ನಮ್ಮೂರಿನ ಬೋರ್ಡು ಕೈಕೊಟ್ಟಿತು. ಪರದೆ ಇನ್ನೂ ಹತ್ತುತ್ತದೆ, ಆದರೆ ತಂತಿ ಬೆಸೆದ ಕಾಲುಗಳಿಗೆ ತೇವದಿಂದ ತುಕ್ಕು ಹಿಡಿದು, ಭೋಂಗಾ ಕೂಗಿಸುವ ಶಕ್ತಿ ಅದಕ್ಕೆ ಉಳಿದಿಲ್ಲ. ಅದಕ್ಕೇ ನಾನು ಕಳೆದ ವಾರ ಹೊಸ ಬೋರ್ಡಿಗೆ ತಂತಿ ಬೆಸೆಯುತ್ತಿದ್ದುದು. ತಂತಿ ಮುಗಿಸಿ ಮೇಡಂ ತಿದ್ದಿದ ಪ್ರೋಗ್ರಾಮನ್ನು ತೆಗೆದು ಕೀಲಿ ಒತ್ತಿದೆ. ಕಂಪೈಲರು ನಿಂತುಬಿಟ್ಟಿತು. ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ ಕಡೆಯ ಮಾತು: ‘ಯಾವೂರು? ತಿಳೀದ ಮುಂದ ಹೋಗಬ್ಯಾಡ.’ ಅಂದು ಕಟ್ಟೆಯ ಮೇಲೆ ಕೂತು ಅವರು ಬರೆದಿಟ್ಟಿದ್ದ ಸಾಲು. ಇದು ಗುರುತಿಲ್ಲದ ಬೋರ್ಡಾದ್ದರಿಂದ ನಿಲ್ಲಿಸಿತ್ತು. ಎಷ್ಟು ವರ್ಷಗಳ ಮೇಲೆ ಮೇಡಂ ನನ್ನನ್ನು ಗದರಿಸಿದ್ದರು! ಕ್ಲಾಸಿನ ಹುಡುಗಿಯರ ಮುಂದೆಯೇ ನಾನು ಅತ್ತೆ. ಆಮೇಲೆ ಹೊಸ ಬೋರ್ಡಿನ ಹೆಸರು ಹುಡುಕಿ, ಕೇಳಬೇಕಾದ್ದನ್ನು ಕೇಳಿ, ಬರೆದೆ.

ನಿನ್ನೆ ಊರಿಗೆ ಹೋಗಿ ಕೂರಿಸಿದೆ. ಕಾಕು ಎರಡು ಸಲ ಊಟಕ್ಕೆ ಕರೆಯಲು ಬಾಯಿ ತೆರೆದು ಸುಮ್ಮನಾದಳು. ಗುಂಡು ಬ್ಯಾರಲ್ಲಿನ ತಳದಿಂದ ಮೇಲೆ ಬಂದು ಭೋಂಗಾ ಕೂಗಿದ ಮೇಲೆ ನಾನೇ ಒಳಗೆ ಹೋಗಿ ತಾಟಿನ ಮುಂದೆ ಕೂತೆ. ಬಡಿಸುತ್ತ ಬಡಿಸುತ್ತ ಅವಳು, “ಅವತ್ತ ನಾ ಕರೀಬಾರದಿತ್ತು” ಎಂದಳು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಹೊರಗೆ ಕಾಕಾ ಕೋಲು ಹಿಡಿದು ಹೊಳೆಯ ಕಡೆ ಹೊರಟಿದ್ದ. ಭೋಂಗಾ ಅವನ ಕಿವಿಗೂ ಬಿದ್ದಿತ್ತು, ಆದರೂ ಹೊರಟಿದ್ದ.

ಹಳೆಯ ಬೋರ್ಡನ್ನು ಹುಕ್ಕೇರಿಗೆ ತಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಇನ್ನೊಮ್ಮೆ ಅದಕ್ಕೆ ಪ್ರೋಗ್ರಾಮು ಹಾಕುವುದಿಲ್ಲ. ವಿದ್ಯುತ್ ಕೊಟ್ಟರೆ ಮೊದಲು ಪರದೆಯ ಮೇಲೆ ಒಂದು ತಾರೀಖು ಬರುತ್ತದೆ, ಯಾವತ್ತು ಕೊಟ್ಟರೂ ಅದೇ ತಾರೀಖು. ಅದು ಮೇಡಂ ನಮ್ಮ ಮನೆಯಿಂದ ನೀರೂ ಕುಡಿಯದೆ ಹೋದ ದಿನ.